ಹೊಂಬಾಳಮ್ಮ ಓಗೊಟ್ಟ ದನಿ

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿಹೋಗುವುದು, ಇವನ್ನೆಲ್ಲ ನಂಬದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀ ನಂಬದವಳಾಗಿರಲಿಲ್ಲ. ನಂಬುವವರನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನಿಮಗೂ ನನ್ನ ಮೇಲೆ ಹಾಗೇ ಅನ್ನಿಸಿದರೆ ನನ್ನ ಆಕ್ಷೇಪಣೆಯಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಅರ್ಧಕ್ಕೇ ಪುಸ್ತಕ ಮುಚ್ಚಿಡುತ್ತಿದ್ದೆ.

ನಮ್ಮದು ಮಾಗಡಿ. ಪೇಟೆಯಲ್ಲಿ ಅಪ್ಪನಿಗೆ ಕಬ್ಬಿಣದ ಅಂಗಡಿ ಇತ್ತು. ಲಿಂಗಪೂಜೆ ಮಾಡದೆ ಕಾಫಿ ಕುಡಿಯದ ಮನುಷ್ಯ. ಅದಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಬೀಗದ ಕೈ ಕಳೆದುಹೋದರೂ ಶಾಸ್ತ್ರ ಕೇಳಲು ಹೊರಡುತ್ತಿದ್ದರು. ಅಂಗಡಿ ಬಾಗಿಲಿಗೆ ಅವರು ದೃಷ್ಟಿಗೆಂದು ಕಟ್ಟಿಸಿದ್ದ ಬೂದುಗುಂಬಳಕಾಯಿಯನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಬಿಚ್ಚಿ ತಂದು, ಮಜ್ಜಿಗೆಹುಳಿ ಮಾಡು ಎಂದು ಅಮ್ಮನ ಕೈಗೆ ಕೊಟ್ಟಿದ್ದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಂಗಡಿಗೆ ಏನೂ ಆಗಲಿಲ್ಲ. ಆವತ್ತಿನಿಂದ ನನಗೆ ಬಂದ ಜಂಬ ಬಹಳ ವರ್ಷ ಇಳಿಯಲೇ ಇಲ್ಲ.

ಮುಂದೆ ಜೀವಕೋಶಗಳ ವಿಷಯ ಓದಿ, ಪಿಎಚ್‌ಡಿ ಮಾಡಿ, ಒಂದು ಸಂಶೋಧನಾಲಯಕ್ಕೆ ಸೇರಿದೆ. ಬಿಡದಿ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಒಂದು ಬಾಡಿಗೆ ಕಟ್ಟಡ. ಬೈರಮಂಗಲದ ಕೊಳಕು ಕೆರೆಯ ಕಡೆಯಿಂದ ಗಾಳಿ ಬೀಸಿದ ದಿನ ಕಿಟಕಿ ತೆರೆಯುವ ಹಾಗಿರಲಿಲ್ಲ, ಅಷ್ಟು ನಾತ. ನಾನು ಕೆಲಸ ಮಾಡುತ್ತಿದ್ದದ್ದು ಒಂದು ಅಪರೂಪದ ಕಾಯಿಲೆಯ ಮೇಲೆ. ನಮ್ಮ ಮೈಯ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಪುಟ್ಟ ಪುಟ್ಟ ಒಲೆಗಳಿರುತ್ತವೆ ಎಂದುಕೊಳ್ಳಿ. ಕೆಲವು ಮನೆತನಗಳಲ್ಲಿ ಈ ಒಲೆಗಳು ಹುಟ್ಟಿನಿಂದಲೇ ಸರಿಯಾಗಿ ಉರಿಯುವುದಿಲ್ಲ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ಕೈಕಾಲು ಸೋಲುತ್ತವೆ, ಕಡೆಗೆ ಹೃದಯ. ತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆ ಅದು. ತಾಯಿ ಮಾತ್ರ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತಾಳೆ, ಮಕ್ಕಳು ಒಬ್ಬೊಬ್ಬರಾಗಿ ಸೋಲುವುದನ್ನು ನೋಡಲೆಂದೇ ಉಳಿದವಳ ಹಾಗೆ.

ಈ ಕೆಲಸಕ್ಕೆ ಡಾಲ್ಫಿನ್ ಬಂದು ಸೇರಿದ್ದು ನಮ್ಮ ನಿರ್ದೇಶಕರ ಬುದ್ಧಿಯಿಂದ. ಡಾಲ್ಫಿನ್ ಸಮುದ್ರದಲ್ಲಿದ್ದರೂ ಮೀನಲ್ಲ, ನಮ್ಮ ಹಾಗೆ ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಉಸಿರು ಹಿಡಿದು ನೀರಿನಡಿ ಇದ್ದಾಗಲೂ ಅದರ ಜೀವಕೋಶಗಳು ಕೆಡುವುದಿಲ್ಲ. ಆ ಗುಟ್ಟು ತಿಳಿದರೆ ರೋಗಿಗಳ ಜೀವಕೋಶಕ್ಕೂ ಒಂದು ದಾರಿ ಸಿಗಬಹುದೇನೋ ಎಂಬ ಯೋಚನೆ. ಯೋಚನೆ ಕೆಟ್ಟದ್ದಲ್ಲ. ಆದರೆ ಅದರ ಜೊತೆಗೆ ಕಾರವಾರದ ಕಡೆಯಿಂದ ದಿನಕರ್ ಎಂಬ ಮನುಷ್ಯನನ್ನೂ ನನ್ನ ತಲೆಗೆ ಕಟ್ಟಿದರು.

ದಿನಕರ್ ಡಾಲ್ಫಿನ್‌ಗಳ ಜೀವನವನ್ನು ಅಧ್ಯಯನ ಮಾಡುವವರು. ಎಲ್ಲಿ ಓಡಾಡುತ್ತವೆ, ಏನು ತಿನ್ನುತ್ತವೆ, ಯಾವುದು ಯಾವುದರ ಜೊತೆ ಇರುತ್ತದೆ ಎಂದು ವರ್ಷಗಟ್ಟಲೆ ದೋಣಿಯಲ್ಲಿ ಕೂತು ಬರೆದುಕೊಂಡವರು. ನೀರಿನೊಳಗೆ ಮೈಕು ಇಳಿಬಿಟ್ಟು ಅವುಗಳ ಸದ್ದು ಹಿಡಿಯುತ್ತಿದ್ದರು. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದರು. ನನಗೆ ಇದು ವಿಜ್ಞಾನ ಎಂದೇ ಅನ್ನಿಸುತ್ತಿರಲಿಲ್ಲ, ಸಂಬಳ ಕೊಟ್ಟು ಮಾಡಿಸುವ ವಿಹಾರ ಅನ್ನಿಸುತ್ತಿತ್ತು. ಮೀಟಿಂಗಿನಲ್ಲಿ ಅವರು ಒಂದು ಡಾಲ್ಫಿನ್ನಿನ ಬಗ್ಗೆ ಹೇಳುತ್ತ ಕಣ್ಣೊರೆಸಿಕೊಂಡಾಗ ನಾನು ಎಲ್ಲರಿಗೂ ಕಾಣುವಂತೆ ಗಡಿಯಾರ ನೋಡಿದ್ದೆ.

ಆ ಡಾಲ್ಫಿನ್ನಿನ ಕಥೆ ಇಷ್ಟು. ತಾಯಿ ಮರಿ ಎರಡೂ ಮೀನುಗಾರರ ಬಲೆಗೆ ಸಿಕ್ಕಿದ್ದವು. ಮರಿ ಉಸಿರುಕಟ್ಟಿ ಸತ್ತಿತ್ತು. ತಾಯಿಯನ್ನು ಬಿಡಿಸುವಾಗ ದಿನಕರ್ ಅನುಮತಿ ಪಡೆದು ಅದರ ಚರ್ಮದ ಒಂದು ಚೂರು ತೆಗೆದು ನಮಗೆ ಕಳಿಸಿದರು. ಬಿಟ್ಟ ಮೇಲೆ ಆ ತಾಯಿ ಎಲ್ಲೂ ಹೋಗಲಿಲ್ಲವಂತೆ. ಮರಿ ಸತ್ತ ಜಾಗದಲ್ಲೇ ಸುತ್ತುತ್ತ ಕೂಗುತ್ತ ಎರಡು ದಿನ ಕಳೆದು, ಆಮೇಲೆ ಇದ್ದಕ್ಕಿದ್ದಂತೆ ನಿಂತು ನೇರ ಕಡಲಿಗೆ ಹೋಗಿಬಿಟ್ಟಿತಂತೆ. ದಿನಕರ್ ಅದನ್ನೆಲ್ಲ ರೆಕಾರ್ಡು ಮಾಡಿದ್ದರು. ಯಾಕೆ ಹೋಯಿತು ಎಂದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಹಸಿವಾಗಿರುತ್ತದೆ ಎಂದು ನಾನು ಹೇಳಿದೆ.

ಈಗ ಹೊಂಬಾಳಮ್ಮನ ವಿಷಯ. ಕನಕಪುರದ ಕಡೆಯ ಉಯ್ಯಂಬಳ್ಳಿಯ ಆಚೆ, ಕಾಡಂಚಿನ ಒಂದು ದೊಡ್ಡಿಯಲ್ಲಿ, ಎಂದರೆ ನಾಲ್ಕಾರು ಮನೆಗಳ ಪುಟ್ಟ ಊರಿನಲ್ಲಿ, ಕುರಿ ಸಾಕಿಕೊಂಡು ರಾಗಿ ಬೆಳೆದುಕೊಂಡಿದ್ದ ಮನೆ. ಐವತ್ತರ ಹತ್ತಿರದ ಹೆಂಗಸು. ದೊಡ್ಡ ಮಗ ಈ ಕಾಯಿಲೆಯಲ್ಲೇ ತೀರಿಹೋಗಿದ್ದ. ಮಗಳು ಮಾದೇವಿಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ರೆಪ್ಪೆ ಜೋತಿದ್ದವು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಆಸ್ಪತ್ರೆಯವರು ಅವರನ್ನು ನಮ್ಮ ಅಧ್ಯಯನಕ್ಕೆ ಕಳಿಸಿದ್ದರು. ಹೊಂಬಾಳಮ್ಮ ಹೆಬ್ಬೆಟ್ಟು ಒತ್ತಿ ತೋಳಿನ ಚರ್ಮದ ಒಂದು ಚೂರು ಕೊಟ್ಟರು. ನನಗೆ ಅವರು ಒಂದು ಸೀಸೆಯ ಮೇಲಿನ ನಂಬರು. ಡಾಲ್ಫಿನ್ ಸೀಸೆಯ ಪಕ್ಕದಲ್ಲೇ, ಒಂದೇ ಬೆಚ್ಚನೆಯ ಪೆಟ್ಟಿಗೆಯಲ್ಲಿ ಅವರ ಜೀವಕೋಶಗಳನ್ನೂ ಬೆಳೆಸುತ್ತಿದ್ದೆ.

ಅವರು ನನ್ನನ್ನು ಡಾಕ್ಟ್ರವ್ವ ಎನ್ನುತ್ತಿದ್ದರು. ನಾನು ಆ ಥರದ ಡಾಕ್ಟರಲ್ಲ ಎಂದು ತಿದ್ದುವ ಗೋಜಿಗೆ ಹೋಗಲಿಲ್ಲ. ಔಷಧಿ ಯಾವಾಗ ಬರುತ್ತದೆ ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಮಾದೇವಿಯ ಕಾಲಕ್ಕೆ ಯಾವ ಔಷಧಿಯೂ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನೋಡೋಣ ಎನ್ನುತ್ತಿದ್ದೆ. ನೋಡೋಣ ಎಂಬ ಮಾತು ಎಷ್ಟು ಹೊಲಸು ಮಾತು ಎಂದು ಆಗ ತಿಳಿದಿರಲಿಲ್ಲ. ಅವರ ತೋಳಿನಲ್ಲೊಂದು ತಾಯತ ಇತ್ತು, ಮಗಳ ಕೊರಳಲ್ಲಿ ಎರಡು. ಅದನ್ನು ನಂಬುವವರು ನನ್ನನ್ನೂ ನಂಬಿದರೆ ತಪ್ಪು ನನ್ನದಲ್ಲ ಎಂದು ನನ್ನೊಳಗೆ ಒಂದು ಲೆಕ್ಕ ಮುಗಿಸಿಕೊಂಡಿದ್ದೆ.

ಆ ದಿನ ಅವರು ಬಂದದ್ದು ಮಾದೇವಿಯ ಚರ್ಮದ ಮಾದರಿ ಕೊಡಲು. ಬೆಳಿಗ್ಗೆ ಮೊದಲ ಬಸ್ಸಿಗೆ ಕನಕಪುರಕ್ಕೆ ಬಂದು, ಅಲ್ಲಿಂದ ಬಸ್ಸು ಬದಲಿಸಿ, ನಮ್ಮಲ್ಲಿಗೆ ತಲುಪಿದಾಗ ಹನ್ನೊಂದು ಗಂಟೆ. ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರು ಹುಡುಗಿಯನ್ನು ಒಳಗೆ ಕರೆದುಕೊಂಡರು. ಹೊಂಬಾಳಮ್ಮ ಹೊರಗೆ ಬೆಂಚಿನ ಮೇಲೆ ಕೂತರು. ಆ ವಾರ ದಿನಕರ್ ನಮ್ಮಲ್ಲೇ ಇದ್ದರು. ಪಕ್ಕದ ಕೋಣೆಯಲ್ಲಿ ತಮ್ಮ ಭಾಷಣಕ್ಕೆ ತಯಾರಿ ಮಾಡುತ್ತ, ಬಾಗಿಲು ತೆರೆದಿಟ್ಟು ಸ್ಪೀಕರಿನಲ್ಲಿ ಆ ತಾಯಿ ಡಾಲ್ಫಿನ್ನಿನ ರೆಕಾರ್ಡು ಹಾಕಿದ್ದರು.

ಸೀಸೆಗಳನ್ನು ತೆಗೆದಿಟ್ಟು ನಾನು ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು. ಹೊಂಬಾಳಮ್ಮ ದಿನಕರ್ ಅವರ ಕೋಣೆಯಲ್ಲಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕಿವಿಗೆ ಕೈ ಆನಿಸಿಕೊಂಡಿದ್ದರು. ಯಾವ ಪ್ರಾಣಿಯ ಸದ್ದು ಎಂದು ಕೇಳಿದರಂತೆ. ಸಮುದ್ರದ್ದು ಎಂದಷ್ಟೇ ಹೇಳಿದ ದಿನಕರ್ ಒಳಗೆ ಬಂದು ಕೇಳಿ ಎಂದರಂತೆ. ನಾನು ಬಾಗಿಲಲ್ಲಿ ನಿಂತೆ. ಒಬ್ಬ ವಿಜ್ಞಾನಿ ಒಬ್ಬ ಕುರಿಗಾಹಿ ಹೆಂಗಸಿನಿಂದ ಅಭಿಪ್ರಾಯ ಕೇಳುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಊಟದ ಹೊತ್ತಿನ ತಮಾಷೆ ಸಿದ್ಧ ಮಾಡಿಕೊಳ್ಳುತ್ತಿದ್ದೆ.

ಸ್ಪೀಕರಿನಿಂದ ಸಿಳ್ಳೆಯಂಥ ಕೂಗು ಏರುತ್ತ ಬಂದು ತುಂಡಾಗುತ್ತಿತ್ತು. ಮತ್ತೆ ಏರುತ್ತಿತ್ತು.

"ತಾಯಿ ಕಣಪ್ಪ ಇದು. ಮರಿ ಇಲ್ಲ ಇದುಕ್ಕೆ" ಎಂದರು ಹೊಂಬಾಳಮ್ಮ.

ದಿನಕರ್ ಬೆರಗಾದರು. ನಾನು ಆಗಲಿಲ್ಲ. ಎರಡು ನಿಮಿಷ ಒಂದೇ ಸಮ ಅರಚುವ ಯಾವ ಪ್ರಾಣಿಯನ್ನು ಕೇಳಿಸಿದರೂ ಹಳ್ಳಿಯ ಹೆಂಗಸರು ಅದನ್ನೇ ಹೇಳುತ್ತಾರೆ. ಅಷ್ಟರಲ್ಲಿ ರೆಕಾರ್ಡಿನಲ್ಲಿ ಕೂಗು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಗ ಹೊಂಬಾಳಮ್ಮ ತಲೆ ಎತ್ತಿದರು. ಯಾರೋ ಹೆಸರು ಹಿಡಿದು ಕರೆದಂತೆ ಎತ್ತಿದರು. ಮರುಕ್ಷಣವೇ ಗಂಟಲಿನ ಆಳದಿಂದ ಒಂದು ಕೂಗು ಹಾಕಿದರು. ಉದ್ದಕ್ಕೆ ಎಳೆದ ಮೂರು ಹೊಯ್, ಕೊನೆಗೆ ನಾಲಗೆಯಿಂದ ಎರಡು ಸಲ ಲೊಚಗುಟ್ಟಿದ ಸದ್ದು. ಗಟ್ಟಿಯಾಗಿ ಅಲ್ಲ, ತಗ್ಗಿದ ದನಿಯಲ್ಲಿ. ನನ್ನ ಮೈಮೇಲಿನ ಕೂದಲು ನಿಂತವು, ಅದಕ್ಕೆ ಸಿಟ್ಟೂ ಬಂತು.

ಆಮೇಲೆ ಸ್ಪೀಕರಿನಿಂದ ಡಾಲ್ಫಿನ್ ಒಂದೇ ಒಂದು ಸಲ ಕೂಗಿತು. ಅದು ಹಿಂದಿನ ಕೂಗಿನ ಹಾಗೆ ಏರಲಿಲ್ಲ, ಇಳಿಯಿತು. ಇನ್ನೊಂದು ಸಲ, ದೂರದಿಂದ. ಮತ್ತೂ ದೂರದಿಂದ. ಆಮೇಲೆ ಬರೀ ನೀರಿನ ಸದ್ದು.

"ಬುಟ್ಟೋಯ್ತು" ಎಂದು ಹೊಂಬಾಳಮ್ಮ ಎದ್ದು ಸೀರೆ ಕೊಡವಿಕೊಂಡು ಮಗಳ ಕಡೆ ಹೋದರು.

ದಿನಕರ್ ಸ್ಪೀಕರು ಆರಿಸಿದರು. ಡಾಲ್ಫಿನ್ ಆ ಜಾಗ ಬಿಟ್ಟು ಹೋದದ್ದು ಸರಿಯಾಗಿ ಅಲ್ಲೇ, ಆ ಮೌನದ ಆಚೆಗೇ ಎಂದರು. ನಾನು ನಕ್ಕೆ. ರೆಕಾರ್ಡು ಹೋದ ವರ್ಷದ್ದು, ಹೆಂಗಸು ಕೂಗಿದ್ದು ಈಗ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದೆ. ಅವರು ವಾದಕ್ಕಿಳಿಯದೆ ನೋಟ್‌ಬುಕ್ಕಿನಲ್ಲಿ ಏನೋ ಗುರುತು ಹಾಕಿಕೊಂಡರು. ಅದೇ ನನ್ನನ್ನು ಕೆಣಕಿತು. ವಾದ ಮಾಡಿದ್ದರೆ ಮರೆತುಬಿಡುತ್ತಿದ್ದೆ.

ಮಧ್ಯಾಹ್ನ ಅವರಿಂದ ಫೈಲು ಇಸಕೊಂಡು ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಸದ್ದನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರು ಇರುತ್ತದೆ. ಮೇಲಿನ ಗೆರೆಗಳು ತಾರಕದ ಸದ್ದು, ಕೆಳಗಿನವು ತಗ್ಗಿನವು. ಆ ಮೌನದಲ್ಲಿ ಏನೂ ಇಲ್ಲ ಎಂದು ತೋರಿಸಿ, ಕಾಗದದ ಮೇಲೆ ಪ್ರಿಂಟು ತೆಗೆದು, ದಿನಕರ್ ಮೇಜಿನ ಮೇಲೆ ಎಸೆಯಬೇಕೆಂಬುದು ನನ್ನ ಉದ್ದೇಶವಾಗಿತ್ತು.

ಮೇಲ್ಗಡೆ ಏನೂ ಇರಲಿಲ್ಲ. ಕೆಳಗಡೆ, ಡಾಲ್ಫಿನ್ನಿನ ಗೆರೆಗಳಿಗಿಂತ ಎಷ್ಟೋ ಕೆಳಗೆ, ಮಸಕಾಗಿ ಮೂರು ಉದ್ದದ ಗೀಟುಗಳಿದ್ದವು. ಅವುಗಳ ಹಿಂದೆ ಎರಡು ಚುಕ್ಕೆ.

ನಾನು ಬಾಗಿಲು ಹಾಕಿಕೊಂಡೆ. ಆ ಭಾಗವನ್ನಷ್ಟೇ ಕತ್ತರಿಸಿ, ದನಿ ಏರಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ನೀರಿನ ಗುಮ್ಮೆನ್ನುವ ಸದ್ದಿನ ಹಿಂದೆ ಅದಿತ್ತು. ಹೊಯ್, ಹೊಯ್, ಹೊಯ್. ಲೊಚ್ ಲೊಚ್. ಹೆಣ್ಣು ದನಿ. ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಈ ಸಲ ಕೇಳಿಸುವುದಿಲ್ಲ ಎಂದುಕೊಂಡೇ ಒತ್ತುತ್ತಿದ್ದೆ.

ಬೆಳಿಗ್ಗೆ ದಿನಕರ್ ಫೈಲು ಹಾಕಿಕೊಂಡಿದ್ದಾಗ ಹೊಂಬಾಳಮ್ಮನ ಕೂಗು ಅದರಲ್ಲಿ ಹೇಗೋ ಸೇರಿಕೊಂಡಿರಬೇಕು ಎಂಬುದು ನನ್ನ ಮೊದಲ ಸಮಾಧಾನ. ಹಾಗೆ ಸೇರುವುದಿಲ್ಲ, ಸದ್ದು ಕೇಳಿಸುವ ಯಂತ್ರ ಸದ್ದನ್ನು ಬರೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ದಿನಕರ್ ಅವರ ಊರಿನ ಕಚೇರಿಯ ಬೀರುವಿನಲ್ಲಿದ್ದ ಮೂಲ ಮೆಮೊರಿ ಕಾರ್ಡಿನಿಂದ ಬೇರೆ ಪ್ರತಿ ತರಿಸಿದೆ, ಯಾಕೆಂದು ಹೇಳದೆ. ಅದರಲ್ಲೂ ಇತ್ತು. ದೋಣಿಯಲ್ಲಿ ಆಗ ಯಾರಾದರೂ ಹೆಂಗಸರಿದ್ದರೇ ಎಂದು ಕೇಳಿದೆ. ಅವರೂ ದೋಣಿಯವನೂ ಇಬ್ಬರೇ ಇದ್ದದ್ದು ಎಂದರು. ಇಂಜಿನ್ನನ್ನೂ ಆರಿಸಿದ್ದರಂತೆ.

ಒಂದೇ ದಾರಿ ಉಳಿದಿತ್ತು. ಹೊಂಬಾಳಮ್ಮನ ಕೂಗನ್ನು ಸರಿಯಾಗಿ ರೆಕಾರ್ಡು ಮಾಡಿ ಎರಡನ್ನೂ ಅಕ್ಕಪಕ್ಕ ಇಡುವುದು. ಬೇರೆಯಾಗಿದ್ದರೆ ನಾನು ಗೆದ್ದೆ. ಮುಂದಿನ ಭಾನುವಾರ ಒಳ್ಳೆಯ ಮೈಕು ಹಿಡಿದುಕೊಂಡು ಅವರ ದೊಡ್ಡಿಗೆ ಹೋದೆ. ಮಾದೇವಿ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತು ಒಂದು ಮರಿಗೆ ಸೀಸೆಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನನ್ನು ನೋಡಲು ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ನಕ್ಕಳು. ನಾನೇ ಔಷಧಿ ತಂದಿದ್ದೇನೆ ಎಂದುಕೊಂಡಿರಬೇಕು. ನಾನು ಮೈಕನ್ನು ಚೀಲದಿಂದ ತೆಗೆಯಲು ನಾಚಿದೆ.

ಹೊಂಬಾಳಮ್ಮ ಮಜ್ಜಿಗೆ ಕೊಟ್ಟು, ಬಂದ ಕೆಲಸ ಕೇಳಿ, ಆಗುವುದಿಲ್ಲ ಎಂದರು. ಅದು ಯಾರೋ ಕೇಳಿದರೆಂದು ಹಾಕುವ ಕೂಗಲ್ಲವಂತೆ. ಮರಿ ಸತ್ತರೆ ತಾಯಿಕುರಿ ಅದರ ಹತ್ತಿರವೇ ನಿಂತುಬಿಡುತ್ತದೆ, ಮೇವು ಮುಟ್ಟುವುದಿಲ್ಲ, ಹಿಂಡು ಮುಂದೆ ಹೋದರೂ ಬರುವುದಿಲ್ಲ. ಅದಕ್ಕೆ, ಸಾಕು ಬಿಟ್ಟು ಬಾ ಎಂದು ಹೇಳುವ ಕೂಗು. ಅವರ ಮನೆಯ ಹೆಂಗಸರು ಮಾತ್ರ ಹಾಕುವುದು. ಸುಮ್ಮಸುಮ್ಮನೆ ಹಾಕಿದರೆ ಬದುಕಿರುವ ಮರಿಯನ್ನೂ ತಾಯಿ ಬಿಟ್ಟುಬಿಡುತ್ತದೆ ಎಂದರು. ಇಂಥ ಮಾತಿಗೆ ನಗುವುದು ನನ್ನ ಅಭ್ಯಾಸ. ನಗು ಬರಲಿಲ್ಲ.

ಹಾಗಾದರೆ ಆ ದಿನ ಸಮುದ್ರದ ಪ್ರಾಣಿಗೆ ಯಾಕೆ ಹಾಕಿದಿರಿ ಎಂದು ಕೇಳಿದೆ.

"ನಾನ್ ಅದ್ಕೆ ಹಾಕ್ಲಿಲ್ಲ ಕಣವ್ವ. ಆ ಸದ್ದಿನ್ ಒಳಗ್ನಿಂದ ಯಾರೋ ಹಾಕುದ್ರು. ಹೆಣ್ಣೆಂಗ್ಸು, ನಮ್ ಕಡೆಯೋಳೇ. ನನ್ನ ಕೂಗ್ದಂಗಾಯ್ತು, ಓಗೊಟ್ಟೆ ಅಷ್ಟೆಯ."

ಆ ಮಸಕು ಗೀಟುಗಳ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ದಿನಕರ್‌ಗೂ ಹೇಳಿರಲಿಲ್ಲ. ದನಿ ಏರಿಸದೆ ಅದು ಯಾವ ಕಿವಿಗೂ ಕೇಳುವಂಥದ್ದಲ್ಲ.

ಹೊಂಬಾಳಮ್ಮ ಮಗಳ ಕಡೆ ಒಮ್ಮೆ ನೋಡಿ, ನನ್ನ ಹತ್ತಿರಕ್ಕೆ ಸರಿದು ಕೂತರು. "ಔಸ್ದಿ ಬರಾಕಿಲ್ಲ ಅಲ್ವಾ? ದಿಟ ಹೇಳವ್ವ."

ಎರಡು ವರ್ಷ ನೋಡೋಣ ನೋಡೋಣ ಎಂದ ಬಾಯಿ ಆಗ ತೆರೆಯಿತು. ಬರುವುದಿಲ್ಲ ಎಂದೆ. ನಮ್ಮ ಕೆಲಸದಿಂದ ಮುಂದೆಂದೋ ಯಾರಿಗೋ ಉಪಯೋಗವಾಗಬಹುದು, ಮಾದೇವಿಗೆ ಆಗುವುದಿಲ್ಲ, ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ನನ್ನ ಲೋಟ ನೋಡಿ, ಇನ್ನೊಂದು ಒಸಿ ಮಜ್ಜಿಗೆ ಕುಡಿ ಎಂದರು.

ಅವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ತಿಂಗಳಿಗೆ ಎರಡು ಸಲ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಎಳೆದಾಡುವುದನ್ನೂ ನಿಲ್ಲಿಸಿದರು ಎಂದು ಡಾಕ್ಟರು ಹೇಳಿದರು, ಹಳ್ಳಿ ಜನ ಎಷ್ಟು ಹೇಳಿದರೂ ಅಷ್ಟೆ ಎಂದು ಸೇರಿಸಿದರು. ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಭಾವ ನನಗೆ ಬಹಳ ಪರಿಚಯದ್ದು, ಕನ್ನಡಿಯಲ್ಲಿ ನೋಡಿದ್ದೆ. ಮಾದೇವಿ ಮನೆಯಲ್ಲೇ ಇದ್ದಳು. ಎರಡು ಮೂರು ಸಲ ಹೋಗಿ ನೋಡಿದೆ. ಜಗುಲಿಯಲ್ಲಿ ಕೂತು ಮರಿಗಳಿಗೆ ಹೆಸರಿಡುತ್ತಿದ್ದಳು. ಒಂದಕ್ಕೆ ನನ್ನ ಹೆಸರಿಟ್ಟಿದ್ದಾಳೆಂದು ತಿಳಿದು ನನಗಾದ ಸಂತೋಷವನ್ನು ಯಾರಿಗೂ ಹೇಳಿಕೊಳ್ಳಲಿಲ್ಲ.

ರಾಗಿ ಕುಯ್ಲಿನ ಹೊತ್ತಿಗೆ ಅವಳು ತೀರಿಕೊಂಡಳು. ಸುದ್ದಿ ತಿಳಿದು ನಾನು ಹೋದೆ. ದಿನಕರ್ ಊರಿನಿಂದ ಬರಲಾಗಲಿಲ್ಲ. ನಾನು ತಲುಪಿದಾಗ ಎತ್ತುವ ಹೊತ್ತು. ಹೊಂಬಾಳಮ್ಮ ಮಗಳ ತಲೆಯ ಹತ್ತಿರ ಕೂತಿದ್ದರು. ಯಾರು ಹೇಳಿದರೂ ಏಳುತ್ತಿರಲಿಲ್ಲ. ಹಿಂದಿನ ಸಾಯಂಕಾಲದಿಂದ ನೀರು ಕೂಡ ಮುಟ್ಟಿಲ್ಲವೆಂದು ಯಾರೋ ಪಿಸುಗುಟ್ಟಿದರು. ಗಂಡ ಬಂದು ಭುಜ ಹಿಡಿದ, ಆಗಲಿಲ್ಲ. ಅಕ್ಕಪಕ್ಕದ ಹೆಂಗಸರು ಹಿಡಿದರು, ಆಗಲಿಲ್ಲ.

ಆಗ ಆ ಕೂಗು ಬಂತು. ತಗ್ಗಿದ ದನಿಯಲ್ಲಿ ಮೂರು ಸಲ, ಕೊನೆಗೆ ಎರಡು ಸಲ ಲೊಚಗುಟ್ಟಿದ ಸದ್ದು. ಹಿಡಿದಿದ್ದ ಹೆಂಗಸರು ಕೈ ಬಿಟ್ಟರು. ಕೂಗಿದ್ದು ಹೊಂಬಾಳಮ್ಮನೇ ಎಂದು ನಾನು ತಿಳಿದುಕೊಂಡೆ, ಈಗಲೂ ಹಾಗೇ ತಿಳಿಯಲು ನೋಡುತ್ತೇನೆ. ಆದರೆ ನಾನು ನಿಂತಿದ್ದದ್ದು ಅವರ ಎದುರಿಗೆ, ನಾಲ್ಕು ಮಾರು ದೂರದಲ್ಲಿ. ಅವರ ತುಟಿ ಮುಚ್ಚಿತ್ತು. ದಿಗ್ಗನೆ ತಲೆ ಎತ್ತಿದರು, ಸ್ಪೀಕರಿನ ಮುಂದೆ ಎತ್ತಿದ್ದ ಹಾಗೆಯೇ. ಒಂದು ಗಳಿಗೆ ಕೇಳಿಸಿಕೊಂಡರು. ಆಮೇಲೆ ಯಾರ ಕೈಯೂ ಹಿಡಿಯದೆ ಎದ್ದು ಪಕ್ಕಕ್ಕೆ ಸರಿದು, ಮಗಳನ್ನು ಎತ್ತಲು ಜಾಗ ಬಿಟ್ಟರು.

ನನ್ನ ಕೈಯಲ್ಲಿ ಫೋನಿತ್ತು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಕಡಲಿನ ದನಿಯ ಪಕ್ಕದಲ್ಲಿ ಇಡಲು ನನಗೆ ಬೇಕಿದ್ದದ್ದು ಅಲ್ಲಿತ್ತು, ನಾನು ಒತ್ತಲಿಲ್ಲ. ಬೇರೆ ಯಾವಳಾದರೂ ಹೀಗೆ ಮಾಡಿ ನನ್ನ ಮುಂದೆ ಬಂದು ಈ ಕಥೆ ಹೇಳಿದ್ದರೆ, ಸಾಕ್ಷಿ ಸಿಗುವ ಹೊತ್ತಿಗೆ ಸರಿಯಾಗಿ ಇವರ ಕೈಗೆ ಲಕ್ವ ಹೊಡೆಯುತ್ತದೆ ಎಂದು ನಾನು ಹೀಯಾಳಿಸುತ್ತಿದ್ದೆ. ನೀವೂ ಹಾಗೇ ಅಂದುಕೊಳ್ಳಬಹುದು. ಆ ಮನೆಯ ಅಂಗಳದಲ್ಲಿ ನಿಮ್ಮಿಂದ ಆಗುತ್ತಿತ್ತೇನೋ. ನನ್ನಿಂದ ಆಗಲಿಲ್ಲ.

ದುಃಖದಲ್ಲಿರುವವರ ಕಿವಿಗೆ ಬೇಕಾದದ್ದೇ ಕೇಳುತ್ತದೆ, ಸಮುದ್ರದಡಿಯ ಸದ್ದಿನಲ್ಲಿ ಹುಡುಕಿದರೆ ಯಾವ ದನಿಯಾದರೂ ಸಿಗುತ್ತದೆ, ಹೆಂಗಸರ ಗುಂಪಿನಲ್ಲಿ ಯಾರೋ ಒಬ್ಬರು ಕೂಗಿರಬೇಕು. ಈ ವಿವರಣೆಗಳನ್ನೆಲ್ಲ ನಾನು ಬೇರೆಯವರಿಗಿಂತ ಚೆನ್ನಾಗಿ ಹೇಳಬಲ್ಲೆ, ಬಹಳ ವರ್ಷ ಅದೇ ನನ್ನ ಕಸುಬಾಗಿತ್ತು. ಹೇಳಿಕೊಂಡು ನೋಡಿದ್ದೇನೆ. ಒಂದೊಂದೂ ಸರಿಯಾಗಿಯೇ ಇದೆ, ಯಾವುದೂ ನನಗೆ ಸಾಲುವುದಿಲ್ಲ. ಹೊಂಬಾಳಮ್ಮನನ್ನು ಕೇಳಬಹುದಲ್ಲ ಎನ್ನುತ್ತೀರಿ. ಕೇಳಿದೆ, ಹೋದ ವರ್ಷ. ಆ ದಿನ ಕೂಗಿದ್ದು ಯಾರು ಎಂದು. ಅವರು ನನ್ನ ಮುಖ ನೋಡಿ, ನೀನೇ ಕೂಗ್ದೆ ಅಂತ ಅಂದ್ಕೊಂಡಿದ್ನಲ್ಲವ್ವ ಎಂದರು.